ಕ್ಯಾಮೆರಾದ ಮೆಮೊರಿ ಕಾರ್ಡ್ ಎಷ್ಟು ಕಾಲ ಬಾಳುತ್ತದೆ: ಸವೆತದ ಲೆಕ್ಕ, ಪರೀಕ್ಷೆ ಮತ್ತು ಬಳಕೆಯ ಕ್ರಮ

ವೈಶಾಖದ ಮುಹೂರ್ತಗಳು ಮುಗಿದ ಮೇಲೆ ಕ್ಯಾಮೆರಾ ಚೀಲಗಳನ್ನೆಲ್ಲ ಬಿಚ್ಚಿ, ಲೆನ್ಸುಗಳನ್ನು ಒರೆಸಿ, ಬ್ಯಾಟರಿ ಮತ್ತು ಕಾರ್ಡುಗಳನ್ನು ಎಣಿಸಿಡುವುದು ಮದುವೆ ಛಾಯಾಗ್ರಾಹಕರಾದ ನಮ್ಮ ಪದ್ಧತಿ. ಬಸವನಗುಡಿ, ಜಯನಗರ, ಬನಶಂಕರಿಯ ಛತ್ರಗಳಲ್ಲಿ ವರ್ಷವಿಡೀ ದುಡಿದ ಸಲಕರಣೆಗಳಿಗೆ ಅದು ಬಿಡುವಿನ ಕಾಲ. ಈ ಬಾರಿ ಆ ಕೆಲಸದಲ್ಲಿದ್ದಾಗ ನನ್ನೊಡನೆ ದುಡಿಯುವ ಹುಡುಗ 64 ಜಿಬಿಯ ಕಾರ್ಡೊಂದನ್ನು ಬೆಳಕಿಗೆ ಹಿಡಿದು, "ಅಣ್ಣ, ಇದು ಐದು ವರ್ಷದಿಂದ ಓಡ್ತಾ ಇದೆ. ಇನ್ನೂ ನಂಬಬಹುದಾ?" ಎಂದು ಕೇಳಿದ. ಪ್ರಶ್ನೆ ಚಿಕ್ಕದಾದರೂ ಉತ್ತರ ಒಂದು ಮಾತಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಅವನಿಗೆ ಅಂದು ಕುಳಿತು ವಿವರಿಸಿದ್ದನ್ನೇ, ಕ್ಯಾಮೆರಾ ಬಳಸುವ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮುಖ್ಯ ವಿಷಯವನ್ನು ಮೊದಲೇ ಹೇಳುತ್ತೇನೆ. ಫೋಟೊ ತೆಗೆಯುವವರ ಕೈಯಲ್ಲಿ ಮೆಮೊರಿ ಕಾರ್ಡ್ ಬರೆದು ಅಳಿಸಿ ಸವೆದುಹೋಗುವುದು ಬಹಳ ಅಪರೂಪ. ಅದಕ್ಕಿಂತ ಮೊದಲೇ ಅದು ನಕಲಿ ಮಾಲು, ಅವಸರದಲ್ಲಿ ಹೊರಗೆಳೆಯುವಿಕೆ, ಮುರಿದ ಪ್ಲಾಸ್ಟಿಕ್ ಅಥವಾ ಕೆಟ್ಟ ಕಾರ್ಡ್ ರೀಡರ್‌ನಿಂದ ಹಾಳಾಗುತ್ತದೆ. ಆದರೆ ಮನೆ ಕಾಯುವ ಕ್ಯಾಮೆರಾದಲ್ಲಿ ಅಥವಾ ಬಾಡಿಗೆ ಕಾರಿನ ಡ್ಯಾಶ್‌ಕ್ಯಾಮ್‌ನಲ್ಲಿ (ಗಾಜಿನ ಹಿಂದೆ ಕೂತು ರಸ್ತೆಯನ್ನು ಚಿತ್ರೀಕರಿಸುವ ಕ್ಯಾಮೆರಾದಲ್ಲಿ) ಅದೇ ಕಾರ್ಡ್ ನಿಜವಾಗಿಯೂ ಸವೆದು ಸಾಯುತ್ತದೆ, ಅದೂ ಬೇಗನೆ. ನಿಮ್ಮದು ಯಾವ ಬಳಕೆ ಎಂಬುದನ್ನು ತಿಳಿದುಕೊಂಡರೆ ಆಯುಷ್ಯದ ಅಂದಾಜನ್ನು ನೀವೇ ಹಾಕಬಹುದು.

ಕಾರ್ಡಿನೊಳಗೆ ಸವೆಯುವುದು ಏನು?

ಎಸ್‌ಡಿ ಕಾರ್ಡ್, ಮೈಕ್ರೊ ಎಸ್‌ಡಿ, ಸಿಎಫ್‌ಎಕ್ಸ್‌ಪ್ರೆಸ್ ಇವೆಲ್ಲವುಗಳ ಒಳಗಿರುವುದು ನ್ಯಾಂಡ್ ಫ್ಲ್ಯಾಶ್ ಎಂಬ ಬಗೆಯ ಚಿಪ್. ತೊಶಿಬಾ ಸಂಸ್ಥೆಯಲ್ಲಿದ್ದ ಜಪಾನಿನ ಇಂಜಿನಿಯರ್ ಫುಜಿಯೊ ಮಸುಒಕಾ ಇದನ್ನು 1980ರ ದಶಕದಲ್ಲಿ ರೂಪಿಸಿದರು. ಚಿಪ್ಪಿನ ಪ್ರತಿಯೊಂದು ಕೋಶವೂ ಎಲೆಕ್ಟ್ರಾನುಗಳನ್ನು ಹಿಡಿದಿಡುವ ಒಂದು ಪುಟ್ಟ ಗೂಡು. ಅದರ ಸುತ್ತ ವಿದ್ಯುತ್ ಹರಿಯಗೊಡದ ಅತಿ ತೆಳುವಾದ ಆಕ್ಸೈಡ್ ಪದರವಿರುತ್ತದೆ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನು ಆ ಪದರದ ಮೂಲಕ ಒಳಕ್ಕೆ ನೂಕಲಾಗುತ್ತದೆ. ಅಳಿಸುವಾಗ ಅದೇ ಪದರದ ಮೂಲಕ ಹೊರಕ್ಕೆ ಎಳೆಯಲಾಗುತ್ತದೆ. ಹೀಗೆ ಪ್ರತಿ ಸಲ ದಾಟುವಾಗಲೂ ಪದರಕ್ಕೆ ಒಂದಿಷ್ಟು ಘಾಸಿಯಾಗುತ್ತದೆ. ಹಳೆಯ ಮನೆಯ ಹೊಸ್ತಿಲು ಕಾಲು ತಾಗಿ ತಾಗಿ ಸವೆಯುವಂತೆ, ಒಂದು ಸಲಕ್ಕೆ ಏನೂ ಕಾಣದಿದ್ದರೂ ಸಾವಿರಾರು ಸಲದ ಬಳಿಕ ಆ ಗೂಡು ಎಲೆಕ್ಟ್ರಾನುಗಳನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳಲಾರದು. ಓದುವಾಗ, ಅಂದರೆ ಚಿತ್ರಗಳನ್ನು ನೋಡುವಾಗ ಅಥವಾ ನಕಲು ಮಾಡುವಾಗ, ಆಗುವ ಸವೆತ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಆದ್ದರಿಂದ ಬಾಳಿಕೆಯನ್ನು ಎಣಿಸುವುದು ಬರೆದು ಅಳಿಸುವ ಸುತ್ತುಗಳಲ್ಲಿ.

ಎಷ್ಟು ಸುತ್ತು ಎಂಬುದು ಒಂದೊಂದು ಕೋಶದಲ್ಲಿ ಎಷ್ಟು ಬಿಟ್‌ಗಳನ್ನು (ಮಾಹಿತಿಯ ಅತಿ ಚಿಕ್ಕ ತುಣುಕುಗಳನ್ನು) ತುಂಬಲಾಗಿದೆ ಎಂಬುದನ್ನು ಅವಲಂಬಿಸಿದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಎಸ್‌ಎಲ್‌ಸಿ ಬಗೆಯಲ್ಲಿ ಎಲೆಕ್ಟ್ರಾನುಗಳ ಎರಡೇ ಮಟ್ಟಗಳನ್ನು ಗುರುತಿಸಿದರೆ ಸಾಕಾಗುವುದರಿಂದ ಅದು ಸುಮಾರು 1,00,000 ಸುತ್ತುಗಳನ್ನು ತಾಳುತ್ತದೆ. ಎರಡು ಬಿಟ್‌ಗಳ ಎಂಎಲ್‌ಸಿಯಲ್ಲಿ ನಾಲ್ಕು ಮಟ್ಟಗಳಿದ್ದು, ಬಾಳಿಕೆ ಸಾಮಾನ್ಯವಾಗಿ 3,000ದಿಂದ 10,000 ಸುತ್ತು. ಮೂರು ಬಿಟ್‌ಗಳ ಟಿಎಲ್‌ಸಿ ಎಂಟು ಮಟ್ಟಗಳನ್ನು ಬೇರ್ಪಡಿಸಬೇಕಾಗಿರುವುದರಿಂದ ಅದರ ಬಾಳಿಕೆ 1,000ದಿಂದ 3,000 ಸುತ್ತಿನಷ್ಟು. ನಾಲ್ಕು ಬಿಟ್‌ಗಳ ಕ್ಯುಎಲ್‌ಸಿಯಲ್ಲಿ ಹದಿನಾರು ಮಟ್ಟಗಳು. ಅಲ್ಲಿ ಕೆಲವು ನೂರರಿಂದ ಒಂದು ಸಾವಿರದವರೆಗೆ ಎಂದಿಟ್ಟುಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕಾರ್ಡುಗಳ ಹೊದಿಕೆಯ ಮೇಲೆ ಈ ವಿವರ ಇರುವುದಿಲ್ಲ. ಹಾಗಾಗಿ 1,000 ಸುತ್ತು ಎಂದು ಹಿಡಿದು ಲೆಕ್ಕ ಹಾಕುವುದು ನನ್ನ ರೂಢಿ. ಹೆಚ್ಚು ಬಾಳಿದರೆ ಅದು ಲಾಭ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಚಿಪ್ಪಿನಲ್ಲಿ ಬರೆಯುವುದು ಸಣ್ಣ ಪುಟಗಳ ಲೆಕ್ಕದಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳಿರುವ ಇಡೀ ಬ್ಲಾಕಿನ ಲೆಕ್ಕದಲ್ಲಿ. ಹಾಗಾಗಿ ಒಂದು ಸಣ್ಣ ಕಡತವನ್ನು ಬದಲಿಸಲು ಕೂಡ ಕಾರ್ಡು ಒಳಗೊಳಗೇ ಬೇರೆ ಪುಟಗಳನ್ನು ಅತ್ತಿತ್ತ ಸಾಗಿಸಬೇಕಾಗುತ್ತದೆ. ನೀವು ಬರೆದದ್ದಕ್ಕಿಂತ ಹೆಚ್ಚು ಬರವಣಿಗೆ ಒಳಗೆ ನಡೆದಿರುತ್ತದೆ. ಈ ಎಲ್ಲವನ್ನೂ ನಿಭಾಯಿಸುವುದು ಕಾರ್ಡಿನೊಳಗಿನ ಕಂಟ್ರೋಲರ್. ಒಂದೇ ಬ್ಲಾಕಿನ ಮೇಲೆ ಹೊರೆ ಬೀಳದಂತೆ ಅದು ಎಲ್ಲ ಬ್ಲಾಕುಗಳಿಗೂ ಸರದಿ ಹಾಕುತ್ತದೆ, ಓದುವಾಗ ತಪ್ಪಿದ ಬಿಟ್‌ಗಳನ್ನು ತಿದ್ದುತ್ತದೆ, ಕೆಟ್ಟ ಬ್ಲಾಕನ್ನು ಬದಿಗಿರಿಸಿ ಮೀಸಲಿನಿಂದ ಇನ್ನೊಂದನ್ನು ತರುತ್ತದೆ. ಒಳ್ಳೆಯ ಕಾರ್ಡಿಗೂ ಅಗ್ಗದ ಕಾರ್ಡಿಗೂ ಇರುವ ವ್ಯತ್ಯಾಸದ ಬಹುಪಾಲು ಈ ಕಂಟ್ರೋಲರ್‌ನ ಜಾಣತನದಲ್ಲಿ ಮತ್ತು ಮೀಸಲಿನ ಪ್ರಮಾಣದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಹೆಜ್ಜೆ: ನಿಮ್ಮ ಬಳಕೆಯ ಲೆಕ್ಕ ಹಾಕಿ

ಒಂದು ಕಾಗದ ತೆಗೆದುಕೊಂಡು, ನಿಮ್ಮ ಕಾರ್ಡ್ ವರ್ಷಕ್ಕೆ ಎಷ್ಟು ಸಲ ಪೂರ್ತಿ ತುಂಬುತ್ತದೆ ಎಂದು ಬರೆಯಿರಿ. ಅರ್ಧ ತುಂಬಿದರೆ ಅರ್ಧ ಎಂದೇ ಎಣಿಸಿ, ಏಕೆಂದರೆ ಸರದಿಯ ಏರ್ಪಾಡಿನಿಂದಾಗಿ ಸವೆತ ಇಡೀ ಕಾರ್ಡಿಗೆ ಹಂಚಿಹೋಗುತ್ತದೆ. ನಂತರ 1,000ವನ್ನು ಆ ಸಂಖ್ಯೆಯಿಂದ ಭಾಗಿಸಿ, ಒಳಗಿನ ಹೆಚ್ಚುವರಿ ಬರವಣಿಗೆಗಾಗಿ ಬಂದ ಉತ್ತರವನ್ನು ಅರ್ಧ ಮಾಡಿ. ಉಳಿದದ್ದು ನೀವು ನಂಬಬಹುದಾದ ವರ್ಷಗಳು.

ನಮ್ಮದೇ ಉದಾಹರಣೆ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಕಡತ, ಅಂದರೆ ಸಂಸ್ಕರಿಸದ ಮೂಲ ಚಿತ್ರ, ಸುಮಾರು 28 ಎಂಬಿ ಆಗುತ್ತದೆ. ವರಪೂಜೆಯಿಂದ ಧಾರೆಯವರೆಗೆ ಒಬ್ಬ ಛಾಯಾಗ್ರಾಹಕ 2,000 ಚಿತ್ರ ತೆಗೆದರೆ 56 ಜಿಬಿ, ಅಂದರೆ 64 ಜಿಬಿ ಕಾರ್ಡ್ ಹೆಚ್ಚುಕಡಿಮೆ ಒಮ್ಮೆ ತುಂಬಿತು. ವರ್ಷಕ್ಕೆ 45 ಮದುವೆ ಎಂದರೆ 45 ಸುತ್ತು. 1,000ವನ್ನು 45ರಿಂದ ಭಾಗಿಸಿದರೆ 22 ವರ್ಷ, ಅರ್ಧ ಮಾಡಿದರೆ 11 ವರ್ಷ. ಹುಡುಗನ ಕೈಯಲ್ಲಿದ್ದ ಐದು ವರ್ಷದ ಕಾರ್ಡ್ ಸವೆತದ ದೃಷ್ಟಿಯಿಂದ ಇನ್ನೂ ಅರ್ಧ ದಾರಿಯನ್ನೂ ಕ್ರಮಿಸಿರಲಿಲ್ಲ. ಭಾನುವಾರಗಳಲ್ಲಿ ಮಾತ್ರ ರಂಗನತಿಟ್ಟಿಗೋ ನಂದಿ ಬೆಟ್ಟಕ್ಕೋ ಹೋಗಿ ಹಕ್ಕಿಗಳ ಚಿತ್ರ ತೆಗೆಯುವವರಾದರೆ, ಸವೆತದ ಚಿಂತೆಯನ್ನು ಪೂರ್ತಿಯಾಗಿ ಬಿಟ್ಟುಬಿಡಬಹುದು.

ವಿಡಿಯೊ ಮಾಡುವವರ ಲೆಕ್ಕ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ 4ಕೆ ಚಿತ್ರೀಕರಿಸಿದರೆ ಗಂಟೆಗೆ 45 ಜಿಬಿ ಬೇಕು. 128 ಜಿಬಿ ಕಾರ್ಡ್ ಮೂರು ಗಂಟೆಯೊಳಗೆ ತುಂಬುತ್ತದೆ. ಆರತಕ್ಷತೆಯೂ ಸೇರಿ ಒಂದು ಮದುವೆಗೆ ಎರಡು ಸಲ ತುಂಬಿದರೆ ವರ್ಷಕ್ಕೆ 90 ಸುತ್ತು, ಅಂದರೆ ಐದೂವರೆ ವರ್ಷ. ಇಲ್ಲಿ ಕಾರ್ಡಿನ ಖರೀದಿ ದಿನಾಂಕವನ್ನು ಬರೆದಿಡುವುದಕ್ಕೆ ಅರ್ಥವಿದೆ.

ನಿಜವಾದ ಹೊರೆ ಬೀಳುವುದು ಎಡೆಬಿಡದೆ ಚಿತ್ರೀಕರಿಸುವ ಕ್ಯಾಮೆರಾಗಳಲ್ಲಿ. ಮನೆಯ ಬಾಗಿಲ ಮೇಲಿನ ಕಾವಲು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೂ ದಿನಕ್ಕೆ 21.6 ಜಿಬಿ ಆಗುತ್ತದೆ. ಅದಕ್ಕೆ 32 ಜಿಬಿ ಕಾರ್ಡ್ ಹಾಕಿದರೆ ಒಂದೂವರೆ ದಿನಕ್ಕೊಮ್ಮೆ ತುಂಬಿ, ವರ್ಷಕ್ಕೆ ಸುಮಾರು 245 ಸುತ್ತು ಮುಗಿಯುತ್ತದೆ. ನಮ್ಮ ಸೂತ್ರದ ಪ್ರಕಾರ ಎರಡು ವರ್ಷ. ಅದೇ ಜಾಗಕ್ಕೆ 128 ಜಿಬಿ ಹಾಕಿದರೆ ಎಂಟು ವರ್ಷ. ಸಾಮರ್ಥ್ಯ ನಾಲ್ಕು ಪಟ್ಟಾದರೆ ಆಯುಷ್ಯವೂ ನಾಲ್ಕು ಪಟ್ಟಾಗುತ್ತದೆ ಎಂಬ ಈ ಸರಳ ಸತ್ಯವನ್ನು ಕೊಳ್ಳುವಾಗ ಬಹಳ ಜನ ಮರೆಯುತ್ತಾರೆ. ದಿನಕ್ಕೆ ಹತ್ತು ಗಂಟೆ ಓಡುವ ಕ್ಯಾಬ್‌ನ ಡ್ಯಾಶ್‌ಕ್ಯಾಮ್ ಸೆಕೆಂಡಿಗೆ 15 ಮೆಗಾಬಿಟ್ ಬರೆಯುತ್ತಿದ್ದರೆ ದಿನಕ್ಕೆ 67 ಜಿಬಿಗೂ ಮೇಲೆ. 32 ಜಿಬಿ ಕಾರ್ಡ್ ದಿನಕ್ಕೆ ಎರಡು ಸಲ ತುಂಬಿ ಎಂಟು ತಿಂಗಳಲ್ಲಿ ಲೆಕ್ಕ ಮುಗಿಯುತ್ತದೆ. ಇದರ ಮೇಲೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದಿನ ಶಾಖ ಬೇರೆ. ಬೆಂಗಳೂರಿನ ಗಾಳಿ ಹಿತವಾಗಿದ್ದರೂ, ಮುಚ್ಚಿದ ಕಾರಿನ ಒಳಗೆ ಹಾಗಿರುವುದಿಲ್ಲ. ಇಂಥ ಬಳಕೆಗೆ ಹೈ ಎಂಡ್ಯೂರೆನ್ಸ್ (ಹೆಚ್ಚು ಬಾಳಿಕೆಯದು) ಎಂದು ಬರೆದ, ಎಷ್ಟು ಗಂಟೆಗಳ ಚಿತ್ರೀಕರಣಕ್ಕೆ ಎಂದು ತಯಾರಕರೇ ನಮೂದಿಸಿದ ಕಾರ್ಡುಗಳನ್ನೇ ಕೊಳ್ಳಬೇಕು. ಸಾಮಾನ್ಯ ಕಾರ್ಡುಗಳ ವಾರಂಟಿ ಷರತ್ತುಗಳಲ್ಲಿ ಇಂಥ ನಿರಂತರ ಚಿತ್ರೀಕರಣದ ಬಳಕೆಯನ್ನು ಅನೇಕ ಸಲ ಹೊರಗಿಟ್ಟಿರುತ್ತಾರೆ. ಬಿಲ್ ಜೊತೆಗೆ ಆ ಷರತ್ತನ್ನೂ ಓದಿ ಇಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ಕೊಂಡ ದಿನವೇ ಪರೀಕ್ಷಿಸಿ

ಸುಮಾರು ಏಳು ವರ್ಷದ ಹಿಂದೆ, ಒಂದು ಉಪನಯನದ ಹಿಂದಿನ ದಿನ ಕಾರ್ಡ್ ಸಾಲದೆಂದು ಅವಸರದಲ್ಲಿ ಒಂದು ಅಂಗಡಿಯಿಂದ 128 ಜಿಬಿ ಕಾರ್ಡ್ ತಂದೆ. ಬೆಲೆ ಬೇರೆಡೆಗಿಂತ ಬಹಳ ಕಡಿಮೆ ಇತ್ತು, ಹೊದಿಕೆ ಅಸಲಿಯಂತೆಯೇ ಇತ್ತು. ಮರುದಿನ ಮಧ್ಯಾಹ್ನದವರೆಗೆ ಕ್ಯಾಮೆರಾ ಒಂದೂ ದೂರು ಹೇಳಲಿಲ್ಲ. ಸಂಜೆ ಲ್ಯಾಪ್‌ಟಾಪಿಗೆ ಹಾಕಿದಾಗ ಮೊದಲ ಒಂದಿಷ್ಟು ಚಿತ್ರಗಳು ತೆರೆದುಕೊಂಡವು. ಮಾತೃಭೋಜನ, ಬ್ರಹ್ಮೋಪದೇಶದ ಚಿತ್ರಗಳ ಹೆಸರುಗಳಿದ್ದವು, ಒಳಗೆ ಏನೂ ಇರಲಿಲ್ಲ. ಎರಡನೆಯ ಕ್ಯಾಮೆರಾದಲ್ಲಿ ಸಹಾಯಕರು ತೆಗೆದಿದ್ದ ಚಿತ್ರಗಳಿಂದ ಆಲ್ಬಮ್ ಹೇಗೋ ಆಯಿತು, ಆದರೆ ಆ ತಾಯಿಯ ಮುಖವನ್ನು ನೋಡಿ ವಿಷಯ ಹೇಳಿದ ಗಳಿಗೆ ನನಗೆ ಇಂದಿಗೂ ನೆನಪಿದೆ.

ಆ ಕಾರ್ಡಿನೊಳಗೆ ಇದ್ದದ್ದು 16 ಜಿಬಿಯ ಚಿಪ್. ಕಂಟ್ರೋಲರ್‌ಗೆ 128 ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆಯೇ ಬೀಳುತ್ತದೆ. ಕ್ಯಾಮೆರಾ ಬರೆದದ್ದನ್ನು ಮತ್ತೆ ಓದಿ ಪರೀಕ್ಷಿಸುವುದಿಲ್ಲವಾದ್ದರಿಂದ ಅದಕ್ಕೆ ಗೊತ್ತಾಗುವುದೇ ಇಲ್ಲ. ಫಾರ್ಮ್ಯಾಟ್ ಮಾಡಿದರೂ 128 ಎಂದೇ ತೋರಿಸುತ್ತದೆ.

ಇದನ್ನು ಹಿಡಿಯಲು ಇರುವ ದಾರಿ ಒಂದೇ: ಕಾರ್ಡನ್ನು ತುದಿಯವರೆಗೆ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ ಹೋಲಿಸುವುದು. ವಿಂಡೋಸ್ ಇದ್ದವರು ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶವನ್ನು ಬಳಸಬಹುದು; ಲಿನಕ್ಸ್ ಮತ್ತು ಮ್ಯಾಕ್‌ಗಳಿಗೆ ಎಫ್3 ಎಂಬ ಉಚಿತ ತಂತ್ರಾಂಶವಿದೆ. ಹೊಸ ಕಾರ್ಡನ್ನು ರೀಡರ್‌ಗೆ ಹಾಕಿ, ಅದು ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಪೂರ್ತಿ ಜಾಗವನ್ನು ಆಯ್ಕೆ ಮಾಡಿ, ಬರೆದು ಪರಿಶೀಲಿಸುವಂತೆ ಆದೇಶ ಕೊಡಿ. ಸೆಕೆಂಡಿಗೆ 30 ಎಂಬಿ ಬರೆಯುವ 128 ಜಿಬಿ ಕಾರ್ಡಿಗೆ ಬರೆಯಲು ಸುಮಾರು 70 ನಿಮಿಷ ಹಿಡಿಯುತ್ತದೆ, 90 ಎಂಬಿ ವೇಗದಲ್ಲಿ ಓದಲು 24 ನಿಮಿಷ. ಊಟ ಮುಗಿಸಿ ಬರುವಷ್ಟರಲ್ಲಿ ಫಲಿತಾಂಶ ಸಿದ್ಧ. ತಪ್ಪು ಒಂದೇ ಒಂದಿದ್ದರೂ ಕಾರ್ಡನ್ನು ಹಿಂತಿರುಗಿಸಿ. 128 ಜಿಬಿಯ ಕಾರ್ಡ್ ವಿಂಡೋಸ್‌ನಲ್ಲಿ 119 ಎಂದು ತೋರಿಸಿದರೆ ಗಾಬರಿ ಬೇಡ, ಅದು ಎಣಿಕೆಯ ಪದ್ಧತಿಯ ವ್ಯತ್ಯಾಸ. ಈ ಪರೀಕ್ಷೆಗೆ ಖರ್ಚಾಗುವುದು ಸಾವಿರದಲ್ಲಿ ಒಂದು ಸುತ್ತು ಮಾತ್ರ.

ಎಲೆಕ್ಟ್ರಾನಿಕ್ಸ್ ಅಂಗಡಿಗಳು ಸಾಲಾಗಿರುವ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದೋ, ದೊಡ್ಡ ಮಳಿಗೆಯಲ್ಲೋ, ಆನ್‌ಲೈನ್‌ನಲ್ಲೋ ಎಂದು ಕೇಳುವವರಿಗೆ ನನ್ನ ಉತ್ತರ: ಎಲ್ಲಿ ಜಿಎಸ್‌ಟಿ ಸಹಿತ ಬಿಲ್ ಕೊಡುತ್ತಾರೋ, ಬದಲಿಸಿ ಕೊಡುವ ಮಾತು ಕೊಡುತ್ತಾರೋ ಅಲ್ಲಿ. ನಕಲಿ ಮಾಲು ಎಲ್ಲ ದಾರಿಗಳಿಂದಲೂ ಬರುತ್ತದೆ, ಪ್ರಾಮಾಣಿಕ ವ್ಯಾಪಾರಿಗಳೂ ಎಲ್ಲ ಕಡೆ ಇದ್ದಾರೆ. ಸಾಲುಗಟ್ಟಿದ ಅಂಗಡಿಗಳಲ್ಲಿ ಒಂದೇ ಕಡೆ ಬೆಲೆ ಅರ್ಧವಿದ್ದರೆ ಅಲ್ಲಿಂದ ಮುಂದೆ ನಡೆಯಿರಿ.

ವೇಗದ ಗುರುತುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿ30 ಎಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ, ವಿ60 ಎಂದರೆ 60, ವಿ90 ಎಂದರೆ 90 ಎಂಬಿ ಬರೆಯಬಲ್ಲದು ಎಂಬ ಭರವಸೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ಸಂಖ್ಯೆ ಸಾಮಾನ್ಯವಾಗಿ ಓದುವ ವೇಗ. ವೇಗಕ್ಕೂ ಬಾಳಿಕೆಗೂ ನೇರ ಸಂಬಂಧವಿಲ್ಲ.

ಮೂರನೆಯ ಹೆಜ್ಜೆ: ದಿನನಿತ್ಯದ ಶಿಸ್ತು

ಕಾರ್ಡಿಗೆ ಸಂಖ್ಯೆ ಕೊಡಿ. ನಾವು ಕಾರ್ಡಿನ ಮೇಲೆ ಶಾಶ್ವತ ಶಾಯಿಯ ಪೆನ್ನಿನಲ್ಲಿ ಸಂಖ್ಯೆ ಬರೆದು, ಒಂದು ನೋಟ್‌ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಕೊಂಡ ದಿನ, ಬೆಲೆ, ಪರೀಕ್ಷೆಯ ಫಲಿತಾಂಶ, ಬಳಸಿದ ಕಾರ್ಯಕ್ರಮಗಳನ್ನು ಬರೆಯುತ್ತೇವೆ. ಕಾರ್ಡಿನ ಮೇಲೆ ಕಾಗದದ ಚೀಟಿ ಅಂಟಿಸಬೇಡಿ; ಅದರ ದಪ್ಪದಿಂದ ಅಥವಾ ಎದ್ದ ಅಂಚಿನಿಂದ ಕಾರ್ಡ್ ಕ್ಯಾಮೆರಾದ ಸಂದಿಯೊಳಗೆ ಸಿಕ್ಕಿಕೊಳ್ಳಬಹುದು.

ಕಾರ್ಡನ್ನು ಬಳಸುವ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಅದನ್ನೂ ಚಿತ್ರಗಳು ಎರಡು ಕಡೆ ನಕಲಾದ ಮೇಲೆ ಮಾತ್ರ. ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುವುದರಿಂದ ಅದರಿಂದ ಕಾರ್ಡ್ ಸವೆಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬದಲಿಗೆ ಅದು ತಿಂಗಳುಗಟ್ಟಲೆ ಸೇರಿದ ಸಣ್ಣ ಗೊಂದಲಗಳನ್ನು ಒಮ್ಮೆಲೇ ಸರಿಪಡಿಸುತ್ತದೆ. ಒಂದೊಂದೇ ಚಿತ್ರ ಅಳಿಸುತ್ತ ಕೂರುವುದಕ್ಕಿಂತ, ಲ್ಯಾಪ್‌ಟಾಪಿನಲ್ಲಿ ಕಾರ್ಡಿನ ಮೇಲೆಯೇ ಕಡತಗಳನ್ನು ತಿದ್ದುವುದಕ್ಕಿಂತ ಇದು ಎಷ್ಟೋ ಮೇಲು.

ಕಾರ್ಡಿಗೆ ಬರೆಯುತ್ತಿರುವಾಗ ಕ್ಯಾಮೆರಾದಲ್ಲಿ ಉರಿಯುವ ದೀಪ ಆರುವ ಮೊದಲು ಕಾರ್ಡಿನ ಬಾಗಿಲು ತೆರೆಯಬೇಡಿ. ಕಾರ್ಡುಗಳು ಕೆಡುವ ಕಾರಣಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ. ಕರಗದ ರಾತ್ರಿ ತಿಗಳರಪೇಟೆಯ ಜನಜಂಗುಳಿಯಲ್ಲಿ ನಿಂತು ಕತ್ತಲಲ್ಲಿ ಕಾರ್ಡ್ ಬದಲಿಸಿದವರಿಗೆ ಆ ಅವಸರ ಎಂಥದ್ದೆಂದು ಗೊತ್ತು. 32 ಜಿಬಿವರೆಗಿನ ಕಾರ್ಡುಗಳು ಬಳಸುವ ಫ್ಯಾಟ್32 ಎಂಬ ಕಡತ ವ್ಯವಸ್ಥೆ, ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. 64 ಜಿಬಿ ಮತ್ತು ಮೇಲ್ಪಟ್ಟವುಗಳ ಎಕ್ಸ್‌ಫ್ಯಾಟ್ ಸಾಮಾನ್ಯವಾಗಿ ಒಂದೇ ಪ್ರತಿ ಇಡುತ್ತದೆ. ಬರೆಯುವ ನಡುವೆ ಎಳೆದರೆ ಆ ಒಂದೇ ಪ್ರತಿ ಹರಿದುಹೋಗಿ, ಚಿತ್ರಗಳೆಲ್ಲ ಒಳಗೇ ಇದ್ದರೂ ಕಾರ್ಡ್ ಖಾಲಿ ಎಂದು ತೋರಬಹುದು. ಬ್ಯಾಟರಿ ಕೊನೆಯ ಗೆರೆಗೆ ಬಂದಾಗ ಚಿತ್ರಗಳ ಸರಮಾಲೆ ತೆಗೆಯುವುದೂ ಇಂಥದೇ ಅಪಾಯ. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಮುಖ ಕೆಳಗಾಗಿ, ಖಾಲಿಯದನ್ನು ಮುಖ ಮೇಲಾಗಿ ಇಡುವ ಅಭ್ಯಾಸ ಮಾಡಿಕೊಂಡರೆ ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ.

ಎಸ್‌ಡಿ ಕಾರ್ಡಿನ ಮೈ ಎರಡು ತೆಳು ಪ್ಲಾಸ್ಟಿಕ್ ಹೋಳುಗಳನ್ನು ಬೆಸೆದು ಮಾಡಿದ್ದು. ನಿಗದಿತ ಮಾನದಂಡದ ಪ್ರಕಾರ ಅದು 10,000 ಸಲ ಹಾಕಿ ತೆಗೆಯುವುದನ್ನು ತಾಳಬೇಕು. ದಿನಕ್ಕೆ ಎರಡು ಸಲ ತೆಗೆದರೂ 13 ವರ್ಷವಾಯಿತು. ಆದರೂ ಲೋಹದ ಸಂಪರ್ಕ ಪಟ್ಟಿಗಳ ನಡುವಿನ ಸಣ್ಣ ಗೆರೆಗಳು ಮುರಿಯುತ್ತವೆ, ಅಂಚಿನ ಬೆಸುಗೆ ಬಿಡುತ್ತದೆ, ಲಾಕ್ ಗುಂಡಿ ಉದುರುತ್ತದೆ. ಲಾಕ್ ಗುಂಡಿಗೂ ಕಾರ್ಡಿನೊಳಗಿನ ಚಿಪ್ಪಿಗೂ ಯಾವ ಸಂಬಂಧವೂ ಇಲ್ಲ, ಕ್ಯಾಮೆರಾ ಅದರ ಸ್ಥಾನವನ್ನಷ್ಟೇ ತಡವಿ ನೋಡುತ್ತದೆ. ಗುಂಡಿ ಉದುರಿ ಕಾರ್ಡ್ ಲಾಕ್ ಆಗಿದೆ ಎಂದು ಕ್ಯಾಮೆರಾ ಹಠ ಹಿಡಿದರೆ, ಆ ಕಚ್ಚಿನ ಮೇಲೆ ತೆಳು ಟೇಪಿನ ತುಂಡೊಂದನ್ನು ಮಡಿಸಿ ಅಂಟಿಸಿ ಅಂದಿನ ಕೆಲಸ ಮುಗಿಸಿಕೊಳ್ಳಬಹುದು. ಮರುದಿನದಿಂದ ಆ ಕಾರ್ಡ್ ಬೇಡ.

ಸಂಪರ್ಕ ಪಟ್ಟಿಗಳನ್ನು ಬೆರಳಿನಿಂದ ಮುಟ್ಟದಿರಿ. ಕಡಲೆಕಾಯಿ ಪರಿಷೆಯ ಧೂಳಿನಲ್ಲಿ ದಿನವಿಡೀ ಓಡಾಡಿ ಬಂದ ಮೇಲೆ ಕಾರ್ಡುಗಳನ್ನೂ ರೀಡರ್‌ನ ಬಾಯನ್ನೂ ಊದುಬುರುಡೆಯಿಂದ ಸ್ವಚ್ಛಗೊಳಿಸಿ, ಬಾಯಿಂದ ಊದಬೇಡಿ. ಪಟ್ಟಿ ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಕಾರ್ಡಿನ ಡಬ್ಬಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ. ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದಿಂದ ಕಾರ್ಡಿಗೆ ತೊಂದರೆಯಿಲ್ಲ, ಸ್ಪೀಕರ್‌ನ ಅಯಸ್ಕಾಂತದಿಂದಲೂ ಇಲ್ಲ.

ಎರಡು ಕಾರ್ಡ್ ಹಾಕುವ ಅವಕಾಶ ಕ್ಯಾಮೆರಾದಲ್ಲಿದ್ದರೆ, ಎರಡಕ್ಕೂ ಏಕಕಾಲದಲ್ಲಿ ಬರೆಯುವಂತೆ ಹೊಂದಿಸಿ. ಮಾಂಗಲ್ಯಧಾರಣೆಯನ್ನು ಮತ್ತೊಮ್ಮೆ ಮಾಡಿ ಎಂದು ಯಾರಿಗೂ ಹೇಳಲಾಗದು.

ನಾಲ್ಕನೆಯ ಹೆಜ್ಜೆ: ಆಯಾಸದ ಲಕ್ಷಣಗಳನ್ನು ಗುರುತಿಸಿ

ಸಾಮಾನ್ಯ ಎಸ್‌ಡಿ ಕಾರ್ಡ್ ತನ್ನ ಸವೆತವನ್ನು ಬಳಕೆದಾರರಿಗೆ ಅಂಕಿಗಳಲ್ಲಿ ತಿಳಿಸುವುದಿಲ್ಲ. ಆದ್ದರಿಂದ ಲಕ್ಷಣಗಳನ್ನೇ ನೋಡಬೇಕು. ಮೊದಲು ಕಾಣುವುದು ನಿಧಾನ: ಹಿಂದೆ ಎರಡು ಸೆಕೆಂಡಿನಲ್ಲಿ ಆರುತ್ತಿದ್ದ ದೀಪ ಈಗ ಆರೇಳು ಸೆಕೆಂಡ್ ಉರಿಯುತ್ತದೆ, ವಿಡಿಯೊ ನಡುವೆಯೇ ನಿಲ್ಲುತ್ತದೆ. ನಂತರ ಅರ್ಧ ಚಿತ್ರ ಸರಿಯಿದ್ದು ಉಳಿದರ್ಧ ಬೂದು ಬಣ್ಣಕ್ಕೆ ತಿರುಗಿದ ಕಡತಗಳು ಕಾಣಿಸಿಕೊಳ್ಳುತ್ತವೆ. ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಎಂದು ಕ್ಯಾಮೆರಾ ಕಾರಣವಿಲ್ಲದೆ ಕೇಳುತ್ತದೆ. ಮೀಸಲು ಬ್ಲಾಕುಗಳೆಲ್ಲ ಮುಗಿದಾಗ ಕೆಲವು ಕಾರ್ಡುಗಳು ಓದಲು ಮಾತ್ರ ಬಿಟ್ಟುಕೊಟ್ಟು ಬರೆಯುವುದನ್ನು ಪೂರ್ತಿ ನಿಲ್ಲಿಸುತ್ತವೆ; ಅಳಿಸಿದ ಚಿತ್ರಗಳು ಮತ್ತೆ ಮತ್ತೆ ಹಾಗೆಯೇ ಕಾಣುತ್ತಿದ್ದರೆ ಕಾರ್ಡ್ ಆ ಸ್ಥಿತಿಗೆ ಬಂದಿರಬಹುದು. ಅದು ಒಳ್ಳೆಯ ಸಾವು, ಏಕೆಂದರೆ ಒಳಗಿದ್ದದ್ದು ಕೈಗೆ ಸಿಗುತ್ತದೆ.

ಲಕ್ಷಣ ಕಂಡೊಡನೆ ಕಾರ್ಡನ್ನು ದೂಷಿಸುವ ಮೊದಲು ಬೇರೊಂದು ರೀಡರ್ ಮತ್ತು ಬೇರೊಂದು ಕೇಬಲ್‌ನಲ್ಲಿ ನೋಡಿ. ನಾನು ಕಾರ್ಡ್ ಕೆಟ್ಟಿದೆ ಎಂದು ತಿಳಿದ ಹಲವು ಸಲ ಕೆಟ್ಟಿದ್ದದ್ದು ಅಗ್ಗದ ರೀಡರ್. ಅನುಮಾನ ಉಳಿದರೆ ಚಿತ್ರಗಳನ್ನು ನಕಲು ಮಾಡಿಕೊಂಡು ಮತ್ತೆ ಅದೇ ತುಂಬಿಸಿ ಓದುವ ಪರೀಕ್ಷೆ ನಡೆಸಿ. ಈ ಪರೀಕ್ಷೆಯನ್ನು ನಾವು ಆರು ತಿಂಗಳಿಗೊಮ್ಮೆ, ಆಷಾಢದಲ್ಲೂ ಧನುರ್ಮಾಸದಲ್ಲೂ ಮಾಡುತ್ತೇವೆ. ಆಗ ಮದುವೆಗಳಿಲ್ಲದೆ ಕೈ ಖಾಲಿಯಿರುತ್ತದೆ.

ಚಿತ್ರಗಳು ಮಾಯವಾಗಿದ್ದರೆ ಮಾಡಬೇಕಾದ ಮೊದಲ ಕೆಲಸ ಏನನ್ನೂ ಮಾಡದಿರುವುದು. ಇನ್ನೊಂದು ಚಿತ್ರ ತೆಗೆಯಬೇಡಿ, ಕಂಪ್ಯೂಟರ್ ದುರಸ್ತಿ ಮಾಡಲೇ ಎಂದು ಕೇಳಿದರೆ ಒಪ್ಪಬೇಡಿ. ಕಾರ್ಡನ್ನು ಹೊರತೆಗೆದು ಲಾಕ್ ಗುಂಡಿಯನ್ನು ಕೆಳಕ್ಕೆ ತಳ್ಳಿ. ಸಾಧ್ಯವಾದರೆ ಇಡೀ ಕಾರ್ಡಿನ ಪಡಿಯಚ್ಚನ್ನು ಹಾರ್ಡ್‌ಡಿಸ್ಕಿಗೆ ತೆಗೆದುಕೊಂಡು, ಹುಡುಕಾಟವನ್ನು ಆ ಪಡಿಯಚ್ಚಿನ ಮೇಲೆ ಮಾಡಿ. ಸಾಯುತ್ತಿರುವ ಕಾರ್ಡನ್ನು ಪದೇ ಪದೇ ಓದಿಸುವುದು ಸರಿಯಲ್ಲ. ಲಿನಕ್ಸ್ ಬಲ್ಲವರು ಇದಕ್ಕೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸುತ್ತಾರೆ. ಬಳಿಕ ಫೋಟೊರೆಕ್ ಎಂಬ ಉಚಿತ ತಂತ್ರಾಂಶವನ್ನು ಓಡಿಸಿ. ಅದು ಹರಿದ ಪಟ್ಟಿಯನ್ನು ಲೆಕ್ಕಿಸದೆ, ಜೆಪೆಗ್ ಅಥವಾ ರಾ ಕಡತ ಆರಂಭವಾಗುವ ಗುರುತುಗಳನ್ನು ಹುಡುಕಿ ಚಿತ್ರಗಳನ್ನು ಒಂದೊಂದಾಗಿ ಎತ್ತಿಕೊಡುತ್ತದೆ. ಹಳೆಯ ಹೆಸರುಗಳು ಸಿಗುವುದಿಲ್ಲ, ಚಿತ್ರಗಳು ಸಿಗುತ್ತವೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ. ಕಂಪ್ಯೂಟರ್ ಕಾರ್ಡನ್ನು ಗುರುತಿಸುತ್ತಲೇ ಇಲ್ಲವಾದರೆ ಅದು ಕಂಟ್ರೋಲರ್‌ನ ತೊಂದರೆಯಾಗಿರಬಹುದು. ಆಗ ತಂತ್ರಾಂಶದಿಂದ ಏನೂ ಆಗದು, ದತ್ತಾಂಶ ಮರುಪಡೆಯುವ ಪರಿಣತರ ಬಳಿಗೇ ಹೋಗಬೇಕು. ಮೈಕ್ರೊ ಎಸ್‌ಡಿಯಲ್ಲಿ ಕಂಟ್ರೋಲರ್ ಮತ್ತು ಚಿಪ್ ಒಂದೇ ತುಂಡಿನಲ್ಲಿ ಅಚ್ಚಾಗಿರುವುದರಿಂದ ಆ ಕೆಲಸ ಕಷ್ಟದ್ದು, ಖರ್ಚಿನದ್ದು.

ಐದನೆಯ ಹೆಜ್ಜೆ: ಕಾರ್ಡನ್ನು ಕಪಾಟಾಗಿ ಬಳಸಬೇಡಿ

ಮಗುವಿನ ನಾಮಕರಣದ ಚಿತ್ರಗಳಿರುವ ಕಾರ್ಡನ್ನು ಹಾಗೆಯೇ ತೆಗೆದು ಬೀರುವಿನಲ್ಲಿ ಇಟ್ಟಿರುವ ಮನೆಗಳು ಅನೇಕ. ಗೂಡಿನಲ್ಲಿ ಹಿಡಿದಿಟ್ಟ ಎಲೆಕ್ಟ್ರಾನುಗಳು ಕಾಲ ಕಳೆದಂತೆ ನಿಧಾನವಾಗಿ ಸೋರುತ್ತವೆ. ಹೆಚ್ಚು ಬಳಸಿ ಸವೆದ ಕೋಶಗಳಲ್ಲಿ, ಬಿಸಿಯಾದ ಜಾಗದಲ್ಲಿ ಸೋರಿಕೆ ಇನ್ನೂ ಬೇಗ. ಒಂದು ಕೋಶಕ್ಕೆ ಮೂರು ನಾಲ್ಕು ಬಿಟ್ ತುಂಬುವ ಇಂದಿನ ಕಾರ್ಡುಗಳಲ್ಲಿ ಮಟ್ಟಗಳ ನಡುವಿನ ಅಂತರ ಕಿರಿದಾದ್ದರಿಂದ ಅಲ್ಪ ಸೋರಿಕೆಯೂ ಓದುವಿಕೆಯನ್ನು ಕೆಡಿಸಬಲ್ಲದು. ನಿಮ್ಮ ಬೀರುವಿನಲ್ಲಿ ಅಂಥ ಕಾರ್ಡ್ ಇದ್ದರೆ ಈ ವಾರವೇ ತೆಗೆದು, ಒಂದು ಹಾರ್ಡ್‌ಡಿಸ್ಕಿಗೂ ಮನೆಯ ಹೊರಗಿರುವ ಇನ್ನೊಂದು ಜಾಗಕ್ಕೂ ನಕಲು ಮಾಡಿ. ನಕಲಾದ ಚಿತ್ರಗಳಲ್ಲಿ ಹತ್ತಿಪ್ಪತ್ತನ್ನು ದೊಡ್ಡದಾಗಿ ತೆರೆದು ನೋಡಿ. ಹೆಸರಿನ ಪಟ್ಟಿ ಕಂಡಿತೆಂದು ತೃಪ್ತರಾಗಬೇಡಿ.

ಆರನೆಯ ಹೆಜ್ಜೆ: ಬೀಳ್ಕೊಡುವುದು

ನಮ್ಮ ನಿಯಮ ಕಟ್ಟುನಿಟ್ಟಾದದ್ದು. ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಬಂದ ಕಾರ್ಡ್, ಮೈ ಸೀಳಿದ ಕಾರ್ಡ್, ಕಾರಣ ತಿಳಿಯದೆ ಒಮ್ಮೆ ಚಿತ್ರ ಕಳೆದ ಕಾರ್ಡ್ ಮತ್ತೆ ಕೆಲಸಕ್ಕೆ ಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿದ ಮೇಲೆ ಸರಿಯಾಯಿತು ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಲಕ್ಷಣಗಳಿಲ್ಲದಿದ್ದರೂ ವಿಡಿಯೊ ಕಾರ್ಡುಗಳನ್ನು ಐದು ವರ್ಷಕ್ಕೆ, ಫೋಟೊ ಕಾರ್ಡುಗಳನ್ನು ಎಂಟು ವರ್ಷಕ್ಕೆ ಮುಖ್ಯ ಕೆಲಸದಿಂದ ಬಿಡುಗಡೆ ಮಾಡಿ, ಬೆಳಕು ಪರೀಕ್ಷಿಸಲು ಅಥವಾ ಹೊಸ ಹುಡುಗರ ಅಭ್ಯಾಸಕ್ಕೆ ಕೊಡುತ್ತೇವೆ.

ಕಾರ್ಡನ್ನು ಬೇರೆಯವರಿಗೆ ಕೊಡುವುದಾದರೆ ಬರಿಯ ಫಾರ್ಮ್ಯಾಟ್ ಸಾಲದು. ಮೇಲೆ ಹೇಳಿದ ಫೋಟೊರೆಕ್ ನಿಮಗೆ ಚಿತ್ರಗಳನ್ನು ಎತ್ತಿಕೊಟ್ಟಂತೆ ಅವರಿಗೂ ಎತ್ತಿಕೊಡುತ್ತದೆ, ಮತ್ತು ಅವು ಬೇರೆಯವರ ಮನೆಯ ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳು. ತುದಿಯವರೆಗೆ ತುಂಬಿಸುವ ಪರೀಕ್ಷೆಯನ್ನೇ ಒಮ್ಮೆ ನಡೆಸಿ, ಆ ಕಡತಗಳನ್ನು ಅಳಿಸಿ ಕೊಡಿ. ಕೆಟ್ಟುಹೋಗಿ ಬರೆಯಲು ಬಿಡದ ಕಾರ್ಡನ್ನು ಇಕ್ಕಳದಿಂದ ಚಿಪ್ಪು ಒಡೆಯುವಂತೆ ಮುರಿದು, ಒಣಕಸದ ಚೀಲಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ನೋಟ್‌ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ದಿನಾಂಕವನ್ನೂ ಕಾರಣವನ್ನೂ ಬರೆದು ಗೆರೆ ಎಳೆಯಿರಿ. ಹೊಸದಾಗಿ ತಂದ ಕಾರ್ಡಿಗೆ ಆ ಹಳೆಯ ಸಂಖ್ಯೆಯನ್ನು ಕೊಡಬೇಡಿ. ನಮ್ಮಲ್ಲಿ ಒಮ್ಮೆ ಹಾಗೆ ಕೊಟ್ಟು, ಯಾವ ಏಳನೆಯ ಕಾರ್ಡಿನಲ್ಲಿ ತಪ್ಪು ಬಂದಿತ್ತು ಎಂದು ತಿಳಿಯಲು ಒಂದು ಇಡೀ ಸಂಜೆ ಪುಟ ತಿರುವಬೇಕಾಯಿತು.